ನಾಲ್ಕು ವರ್ಷದ ಹುಡುಗ ನೆಲದಿಂದ ಏಳಲು ಕಷ್ಟಪಡುತ್ತಾನೆ, ಅವನ ತಾಯಿಗೆ ಹೇಗೆ ಹೇಳಲಿ?

ಅಂಗನವಾಡಿ ಟೀಚರ್, ಮೂಡಿಗೆರೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಕಾಫಿ ತೋಟಗಳ ಮಧ್ಯೆ ಇರುವ ಅಂಗನವಾಡಿಯಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೂರು ವಾರದಿಂದ ಒಂದು ವಿಷಯ ಮನಸ್ಸು ಕೊರೆಯುತ್ತಿದೆ.

ನಮ್ಮಲ್ಲಿ ಒಬ್ಬ ಹುಡುಗ ಇದ್ದಾನೆ. ನಾಲ್ಕು ವರ್ಷ ತುಂಬಿ ಎರಡು ತಿಂಗಳಾಯಿತು. ಮಾತು ಚುರುಕು. ಹಾಡು ಹೇಳಿಕೊಟ್ಟರೆ ಎರಡೇ ಸಲಕ್ಕೆ ಕಲಿಯುತ್ತಾನೆ. ಊಟ ಮುಗಿದ ತಕ್ಷಣ ಮಕ್ಕಳೆಲ್ಲ ತಟ್ಟೆ ಹಿಡಿದು ನಲ್ಲಿ ಹತ್ತಿರ ಓಡುತ್ತಾರೆ, ಅಲ್ವಾ? ಆಗ ಪಕ್ಕದಲ್ಲಿ ಕೂರುವ ಹುಡುಗಿ ದಿನಾ ಇವನಿಗೆ ಕೈ ಕೊಟ್ಟು ಎಬ್ಬಿಸುತ್ತಿದ್ದಳು. ಗೆಳೆತನ ಅಂದುಕೊಂಡಿದ್ದೆ. ಆರಿದ್ರೆ ಮಳೆಯಲ್ಲಿ ಅವಳಿಗೆ ಜ್ವರ ಬಂತು, ಮೂರು ದಿನ ಬರಲಿಲ್ಲ. ಆಗ ನೋಡಿದೆ. ಅವನು ಮೊದಲು ಬೋರಲಾಗಿ ತಿರುಗಿದ. ಎರಡೂ ಕೈ ನೆಲಕ್ಕೂರಿ ಸೊಂಟ ಮೇಲೆತ್ತಿದ. ಆಮೇಲೆ ಒಂದು ಕೈ ಮೊಣಕಾಲಿಗೆ, ಇನ್ನೊಂದು ಕೈ ತೊಡೆಗೆ. ಮರ ಹತ್ತುವ ಹಾಗೆ ತನ್ನ ಕಾಲನ್ನೇ ಹಿಡಿದು ಹತ್ತಿ ನಿಂತ. ಅಷ್ಟರಲ್ಲಿ ಉಳಿದವರು ತಟ್ಟೆ ತೊಳೆದು ವಾಪಸ್ ಬಂದಿದ್ದರು.

ಅವತ್ತಿನಿಂದ ಒಂದೊಂದೇ ಕಣ್ಣಿಗೆ ಬೀಳುತ್ತಿದೆ. ಬಾಗಿಲ ಮುಂದೆ ಇರುವುದು ಮೂರೇ ಮೆಟ್ಟಿಲು. ಅಷ್ಟಕ್ಕೂ ಗೋಡೆ ಹಿಡಿಯಬೇಕು. ಒಂದು ಮೆಟ್ಟಿಲ ಮೇಲೆ ಎರಡೂ ಕಾಲು ಇಟ್ಟ ಮೇಲೇ ಮುಂದಿನದು. ಓಡುವ ಆಟಕ್ಕೆ ಈಗೀಗ ಬರುವುದೇ ಇಲ್ಲ. ಗೋಡೆಗೆ ಒರಗಿ ಕೂತು 'ನಾನು ಅಂಪೈರ್' ಅನ್ನುತ್ತಾನೆ.

ಹೇಳಲು ಹೆದರಿಕೆ ಯಾಕೆಂದರೆ, ನಾಲ್ಕು ವರ್ಷದ ಹಿಂದೆ ಒಂದು ಹೆಣ್ಣು ಮಗುವಿನ ವಿಷಯದಲ್ಲಿ ತಪ್ಪು ಮಾಡಿದ್ದೇನೆ. ಸಂಜೆ ಕರೆದುಕೊಂಡು ಹೋಗಲು ಬಂದ ತಾಯಿಗೆ ಬಾಗಿಲಲ್ಲೇ, ನಾಲ್ಕು ಜನರ ಮುಂದೆ, 'ನಿಮ್ಮ ಮಗುಗೆ ಏನೋ ತೊಂದರೆ ಇದೆ, ಡಾಕ್ಟರಿಗೆ ತೋರಿಸಿ' ಅಂದುಬಿಟ್ಟೆ. ಆಕೆ ಒಂದು ಮಾತೂ ಆಡಲಿಲ್ಲ. ಮಾರನೇ ದಿನದಿಂದ ಮಗು ಬರಲಿಲ್ಲ. ಸ್ವಲ್ಪ ದಿನಕ್ಕೆ ಅವರು ಬೇರೆ ತೋಟಕ್ಕೆ ಹೊರಟು ಹೋದರು. ಆ ಮಗು ಹೇಗಿದೆಯೋ ಇವತ್ತಿಗೂ ಗೊತ್ತಿಲ್ಲ.

ಈ ಹುಡುಗನ ತಾಯಿ ತೋಟದ ಕೆಲಸಕ್ಕೆ ಹೋಗುತ್ತಾರೆ, ತಂದೆ ಪಿಕಪ್ ಓಡಿಸುತ್ತಾರೆ. ಇರುವುದು ಲೈನ್ ಮನೆ. ಒಬ್ಬರು ಕೆಮ್ಮಿದರೆ ಪಕ್ಕದ ಮನೆಗೆ ಕೇಳುತ್ತದೆ. ಅತ್ತೆ ಸೊಸೆಯನ್ನೇ ದೂರುತ್ತಾರೇನೋ ಅಂತಲೂ ಭಯ. ಏನು ಹೇಳಲಿ, ಎಲ್ಲಿ ಹೇಳಲಿ?

ನಿವೃತ್ತ ಮೇಷ್ಟ್ರು, ಬೇಲೂರು

ಅವಸರ ಬೇಡ ಮೇಡಂ. ಗಂಡು ಮಕ್ಕಳು ಸ್ವಲ್ಪ ನಿಧಾನ. ನನ್ನ ಮೊಮ್ಮಗ ನಡೆದಿದ್ದೇ ಒಂದೂಕಾಲು ವರ್ಷಕ್ಕೆ, ಈಗ ಹಿಡಿಯಲು ಆಗಲ್ಲ. ರಾಗಿ ಗಂಜಿ, ಮೊಟ್ಟೆ ಚೆನ್ನಾಗಿ ಕೊಡಲಿ. ಒಂದು ವರ್ಷ ನೋಡಿ. ತಾಯಿಯನ್ನು ಸುಮ್ನೆ ಹೆದರಿಸುವುದು ಬೇಡ ಅಂತ ನನಗನಿಸುತ್ತದೆ.

ಫಿಸಿಯೋಥೆರಪಿಸ್ಟ್, ಚಿಕ್ಕಮಗಳೂರು

ಮೇಷ್ಟ್ರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಒಂದೂಕಾಲು ವರ್ಷಕ್ಕೆ ನಡೆಯುವುದು ತಡವೇ ಅಲ್ಲ. ಒಂದೂವರೆ ವರ್ಷವಾದರೂ ನಡೆಯದಿದ್ದರೆ ತೋರಿಸಿ ಅನ್ನುತ್ತೇವೆ. ಈ ಹುಡುಗನ ವಿಷಯ ಬೇರೆ. ಇದಕ್ಕೆ ಒಂದು ವರ್ಷ ಕಾಯಬಾರದು.

ಟೀಚರ್, ನೀವು ಬರೆದ ಹಾಗೆ ಕಾಲು ಹಿಡಿದು ಹತ್ತಿ ಏಳುವುದಕ್ಕೆ ಗವರ್ಸ್ ಚಿಹ್ನೆ ಅನ್ನುತ್ತಾರೆ. ಸೊಂಟ, ತೊಡೆಯ ಸ್ನಾಯುಗಳಿಗೆ ಬಲ ಸಾಲದಾಗ ಮಗು ಆ ಕೆಲಸವನ್ನು ಕೈಯಿಂದ ಮಾಡಿಕೊಳ್ಳುತ್ತದೆ. ವಿಟಮಿನ್ ಡಿ ತೀರಾ ಕಡಿಮೆಯಾದರೂ ಹೀಗಾಗಬಹುದು, ಸ್ನಾಯುವಿನ ಕಾಯಿಲೆಯಿಂದಲೂ ಆಗಬಹುದು. ಯಾವುದು ಅಂತ ನಾನು ಇಲ್ಲಿ ಕೂತು ಹೇಳಬಾರದು, ನೀವೂ ಹೇಳಬಾರದು. ಡಾಕ್ಟರ್ ಕೈಯಿಂದ ಮುಟ್ಟಿ ನೋಡಬೇಕು. ಸಿಕೆ ಅನ್ನುವ ಒಂದು ರಕ್ತ ಪರೀಕ್ಷೆ ಇದೆ, ಸ್ನಾಯುವಿಗೆ ಪೆಟ್ಟಾಗುತ್ತಿದ್ದರೆ ಅದರಲ್ಲಿ ಸುಳಿವು ಸಿಗುತ್ತದೆ.

ನೀವು ಮಾಡಬೇಕಾದದ್ದು ನೋಡಿ ಬರೆದಿಡುವುದು. ಮೀನಖಂಡ ಮೈಗೆ ಮೀರಿ ದಪ್ಪ ಇದೆಯಾ? ತುದಿಗಾಲಲ್ಲಿ ನಡೆಯುತ್ತಾನಾ? ಮೊದಲು ಆಗುತ್ತಿದ್ದದ್ದು ಏನಾದರೂ ಈಗ ಆಗುತ್ತಿಲ್ಲವಾ? ಕೊನೆಯದಕ್ಕೆ ಹೌದು ಅನ್ನುವುದಾದರೆ ಒಂದು ವಾರವೂ ತಡ ಮಾಡಬೇಡಿ. ಉಳಿದ ಮಕ್ಕಳ ಮುಂದೆ ಮಾತ್ರ ಅವನನ್ನು ಎಬ್ಬಿಸಿ ಕೂರಿಸಿ ಪರೀಕ್ಷೆ ಮಾಡಬೇಡಿ.

ಆರ್‌ಬಿಎಸ್‌ಕೆ ತಂಡ ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುವುದು ನಿಮಗೆ ಗೊತ್ತೇ ಇದೆ. 2013ರಲ್ಲಿ ಶುರುವಾದ ಕಾರ್ಯಕ್ರಮ ಅದು. 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತೊಂದರೆಗಳೂ ಅದರಲ್ಲಿ ಸೇರಿವೆ, ಮುಂದಿನ ಚಿಕಿತ್ಸೆಗೆ ದುಡ್ಡು ಕೊಡಬೇಕಾಗಿಲ್ಲ. ಹಾಗಂತ ಅವರ ಗಾಡಿ ಬರಲಿ ಅಂತ ಕಾಯಬೇಡಿ. ಪಿಎಚ್‌ಸಿ ಡಾಕ್ಟರ್ ಹತ್ತಿರ ಚೀಟಿ ಬರೆಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಅಲ್ಲಿ ಮಕ್ಕಳ ಡಾಕ್ಟರನ್ನು ನೋಡಿ, ಡಿಇಐಸಿ ಎಲ್ಲಿದೆ ಅಂತ ಕೇಳಿ. ಇಂಥ ಮಕ್ಕಳಿಗಾಗಿಯೇ ಇರುವ ವಿಭಾಗ ಅದು.

ಇನ್ನೊಂದು. ಆಸ್ಪತ್ರೆಯಲ್ಲಿ ಮಕ್ಕಳು ಅಮ್ಮನ ಸೆರಗು ಬಿಡುವುದಿಲ್ಲ, ಏಳು ಅಂದರೆ ಏಳುವುದಿಲ್ಲ. ಅವನು ಏಳುವುದು, ಮೆಟ್ಟಿಲು ಹತ್ತುವುದು ವಿಡಿಯೋ ಇದ್ದರೆ ಡಾಕ್ಟರಿಗೆ ತುಂಬಾ ಅನುಕೂಲ. ಆದರೆ ನಿಮ್ಮ ಫೋನಿನಲ್ಲಿ ಬೇಡ. ಅಪ್ಪ ಅಮ್ಮನ ಫೋನಿನಲ್ಲಿ, ಅವರೇ ತೆಗೆಯಲಿ.

ಹಾಸನದ ಒಬ್ಬ ಅಮ್ಮ

ನಾನು ಇಂಥ ಮಾತನ್ನು ಕೇಳಿಸಿಕೊಂಡ ತಾಯಿ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗಳು ಎಲ್‌ಕೆಜಿಯಲ್ಲಿದ್ದಾಗ ಅವಳ ಮಿಸ್ ಒಂದು ಮಧ್ಯಾಹ್ನ ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದರು, 'ಬೆಳಿಗ್ಗೆ ಮನೆಯಲ್ಲಿ ಶೂ ಹಾಕಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆ?' ನನಗೆ ಉತ್ತರವೇ ಬರಲಿಲ್ಲ. ಯಾಕೆಂದರೆ ಶೂ ಹಾಕುತ್ತಿದ್ದದ್ದು ನಾನು. ಗುಂಡಿ ಹಾಕುತ್ತಿದ್ದದ್ದು ನಾನು. ಅನ್ನ ಕಲಸಿ ಬಾಯಿಗೆ ಇಡುತ್ತಿದ್ದದ್ದೂ ನಾನೇ. ಅವಳಿಗೆ ಆಗುವುದಿಲ್ಲ ಅಂತ ನನಗೆ ಒಳಗೊಳಗೇ ಗೊತ್ತಿತ್ತು. ಬೇರೆಯವರು ನೋಡಬಾರದು ಅಂತ ಮಾಡುತ್ತಿದ್ದೆ.

ಆದರೂ ಆ ಮಿಸ್ ಮೇಲೆ ಸಿಟ್ಟು ಬಂತು. ಹದಿನೈದು ದಿನ ಅವರ ಮುಖ ನೋಡಲಿಲ್ಲ. ಅವರು ಒತ್ತಾಯ ಮಾಡಲಿಲ್ಲ, ಮಗಳನ್ನು ಕಡೆಗಣಿಸಲೂ ಇಲ್ಲ. ಕೊನೆಗೆ ನಾನೇ ಹೋಗಿ ಎಲ್ಲಿ ತೋರಿಸಬೇಕು ಅಂತ ಕೇಳಿದೆ.

ಐದು ವರ್ಷ ದಾಟಿದ ಮೇಲೆ ಡಿಸಿಡಿ ಅಂದರು. ಕೈಕಾಲಿಗೆ ಬಲ ಇರುತ್ತದೆ, ಆದರೆ ಒಂದಕ್ಕೊಂದು ಹೊಂದಿಸಿ ಕೆಲಸ ಮಾಡುವುದು ಕಷ್ಟವಾಗುತ್ತದೆ. ಶಾಲೆಗೆ ಹೋಗುವ ನೂರು ಮಕ್ಕಳಲ್ಲಿ 5-6 ಮಕ್ಕಳಿಗೆ ಇರುತ್ತದಂತೆ. ಆಕ್ಯುಪೇಷನಲ್ ಥೆರಪಿಯಲ್ಲಿ ಹಿಟ್ಟು ನಾದಿಸಿದರು, ಮಣಿ ಪೋಣಿಸಿದರು, ಗುಂಡಿ ಹಾಕುವುದನ್ನು ಒಂದೊಂದೇ ಹೆಜ್ಜೆಯಾಗಿ ಕಲಿಸಿದರು. ಈಗ ಮೂರನೇ ಕ್ಲಾಸ್. ಸೈಕಲ್ ಇನ್ನೂ ಬರುವುದಿಲ್ಲ. ಜಡೆ ತಾನೇ ಹಾಕಿಕೊಳ್ಳುತ್ತಾಳೆ.

ನಿಮ್ಮ ಹುಡುಗನದ್ದು ಬೇರೆ ಇರಬಹುದು. ಆದರೆ ದಯವಿಟ್ಟು 'ತೊಂದರೆ ಇದೆ' ಅಂತ ಶುರು ಮಾಡಬೇಡಿ. ನೀವು ಕಂಡದ್ದನ್ನು ಹೇಳಿ, 'ಮನೆಯಲ್ಲೂ ಹೀಗೇನಾ?' ಅಂತ ಕೇಳಿ. ಆಮೇಲೆ ಸುಮ್ಮನಿರಿ, ತಾಯಿ ಮಾತಾಡಲಿ. ಮತ್ತೆ, ಆಕೆ ಸಿಟ್ಟು ಮಾಡಿಕೊಂಡರೆ ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ.

ಆಶಾ ಕಾರ್ಯಕರ್ತೆ, ಸಕಲೇಶಪುರ

ಅಜ್ಜಿಯನ್ನೂ ಜೊತೆಗೇ ಕೂರಿಸಿಕೊಳ್ಳಿ. ಸೊಸೆಗೆ ಮಾತ್ರ ಹೇಳಿದರೆ ಮನೆಗೆ ಹೋಗಿ ಅಷ್ಟನ್ನೂ ಮತ್ತೆ ಹೇಳುವ ಕೆಲಸ ಆಕೆಯ ತಲೆಗೇ ಬರುತ್ತದೆ. ವಂಶದಲ್ಲಿ ಯಾರಿಗಾದರೂ ಇತ್ತಾ ಅನ್ನುವ ಪ್ರಶ್ನೆ ನೀವು ಎತ್ತಬೇಡಿ, ಅದನ್ನು ಡಾಕ್ಟರ್ ಕೇಳಲಿ. ತಾಯಿ ಕಾರ್ಡ್ ತರಲು ಹೇಳಿ. ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಅಂತ ಅದರಲ್ಲಿ ಚಿತ್ರ ಸಮೇತ ಇದೆ, ಅವರ ಕೈಯಲ್ಲೇ ಇರುವ ಪುಸ್ತಕ. ಒಂದು ದಿನದ ಕೂಲಿ ಹೋಗುತ್ತದೆ ಅನ್ನುವುದನ್ನೂ ಮರೆಯಬೇಡಿ. ಸರ್ಕಾರಿ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಇಬ್ಬರು ಹೆಂಗಸರಿಗೂ ಟಿಕೆಟ್ ದುಡ್ಡು ಇಲ್ಲ, ಆಧಾರ್ ಇಟ್ಟುಕೊಳ್ಳಲಿ. ಪ್ರೈವೇಟ್ ಬಸ್ಸಲ್ಲಿ ನಡೆಯಲ್ಲ.

ಅಂಗನವಾಡಿ ಟೀಚರ್, ಮೂಡಿಗೆರೆ ತಾಲ್ಲೂಕು

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೇಷ್ಟ್ರೇ, ನಿಮ್ಮ ಮಾತಿನ ಹಾಗೆ ಸುಮ್ಮನಿರಬೇಕು ಅಂತ ನನಗೂ ಎಷ್ಟೋ ಸಲ ಅನಿಸಿತ್ತು. ಆದರೆ ಮೆಟ್ಟಿಲ ವಿಷಯ ಬರೆದಿಡಲು ಕೂತಾಗ ನೆನಪಾಯಿತು. ಹೋದ ಸುಗ್ಗಿಯಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೆ, ಇವನು ಗೋಡೆ ಹಿಡಿಯದೇ ಹತ್ತುತ್ತಿದ್ದ. ಆ ರಾತ್ರಿ ನಿದ್ದೆ ಬರಲಿಲ್ಲ.

ನಿನ್ನೆ ಕೆಲಸ ಬಿಟ್ಟ ಮೇಲೆ ತಾಯಿಯನ್ನೂ ಅಜ್ಜಿಯನ್ನೂ ಕೇಂದ್ರಕ್ಕೆ ಕರೆಸಿದೆ. ಮಕ್ಕಳು ಯಾರೂ ಇರಲಿಲ್ಲ, ಮಳೆ ಜೋರಾಗಿತ್ತು. ಕುರ್ಚಿ ಹಾಕಲಿಲ್ಲ, ಮೂವರೂ ಚಾಪೆ ಮೇಲೆ ಕೂತೆವು. ಹಾಡಿನ ವಿಷಯ ಹೇಳಿದೆ. ಆಮೇಲೆ ಅವನು ಏಳುವುದನ್ನು ನಾನೇ ಮಾಡಿ ತೋರಿಸಿದೆ, 'ಮನೆಯಲ್ಲೂ ಹೀಗೇನಾ?' ಅಂದೆ. ಅಜ್ಜಿ ತಕ್ಷಣ, 'ಅವರಪ್ಪನೂ ಸೋಮಾರಿನೇ' ಅಂದರು. ತಾಯಿ ತುಂಬಾ ಹೊತ್ತು ಚಾಪೆಯ ಅಂಚು ಕೀಳುತ್ತಾ ಕೂತಿದ್ದರು. ಹಾಸನದ ಅಕ್ಕ ಹೇಳಿದ್ದು ನೆನಪಿಟ್ಟುಕೊಂಡು ನಾನು ಬಾಯಿ ತೆರೆಯಲಿಲ್ಲ. ಕೊನೆಗೆ ಆಕೆ, 'ರಾತ್ರಿ ಕಾಲು ನೋವು ಅಂತಾನೆ ಮಿಸ್, ದಿನಾ ಎಣ್ಣೆ ಹಚ್ಚಿ ಮಲಗಿಸ್ತೀನಿ' ಅಂದರು. ಅಜ್ಜಿ ಅವರ ಮುಖ ನೋಡಿದರು. ಅವರಿಗೂ ಅದು ಗೊತ್ತಿರಲಿಲ್ಲ.

'ಏನು ಕಾಯಿಲೆ?' ಅಂತ ಕೇಳಿದರು. ನನಗೆ ಗೊತ್ತಿಲ್ಲ, ಅದನ್ನು ಡಾಕ್ಟರೇ ಹೇಳಬೇಕು, ಆದರೆ ತಡ ಮಾಡುವುದು ಬೇಡ ಅಂದೆ. 'ಹೆಸರು ತೆಗೆಯಲ್ಲ ತಾನೇ?' ಅಂತ ಅಜ್ಜಿ ಕೇಳಿದರು. ಒಂದು ದಿನಕ್ಕೂ ತೆಗೆಯುವುದಿಲ್ಲ ಅಂತ ಮಾತು ಕೊಟ್ಟೆ.

ಪಿಎಚ್‌ಸಿಯಲ್ಲಿ ಚೀಟಿ ಬರೆಸಿಯಾಗಿದೆ. ಸೋಮವಾರ ಮೊದಲ ಬಸ್ಸಿಗೆ ಚಿಕ್ಕಮಗಳೂರಿಗೆ ಹೋಗುತ್ತಾರೆ, ಅಪ್ಪನೂ ರಜೆ ಹಾಕಿದ್ದಾರೆ. ಇವತ್ತು ಬೆಳಿಗ್ಗೆ ಬಿಡಲು ಬಂದಾಗ ತಾಯಿಯೇ ತಮ್ಮ ಫೋನಿನಲ್ಲಿ ವಿಡಿಯೋ ತೆಗೆದರು. ಎರಡು ಸಲ ತೆಗೆಯಬೇಕಾಯಿತು. ಮೊದಲನೇ ಸಲ ಆ ಹುಡುಗಿ ಓಡಿ ಬಂದು ಕೈ ಕೊಟ್ಟು ಎಬ್ಬಿಸಿಬಿಟ್ಟಳು.