ಲೇಖಕರೇ ಹೊರತರುವ ಹೊಸ ಪುಸ್ತಕಗಳನ್ನು ವಿಮರ್ಶಿಸುವ ಬಗೆ

ಹೇಮಾವತಿ ತೀರದ ಓದುಗ (ಹಾಸನ)

ಮಾನ್ಯರೇ,

ನಮ್ಮ ಓದುಗರ ಬಳಗವು ತಿಂಗಳಿಗೊಮ್ಮೆ ಹೊರತರುವ ಸಣ್ಣ ಪತ್ರಿಕೆಯಲ್ಲಿ ಹೊಸ ಪುಸ್ತಕಗಳಿಗೆಂದು ಕೆಲವು ಪುಟಗಳನ್ನು ಮೀಸಲಿಟ್ಟಿದ್ದೇವೆ. ಹೆಸರಾಂತ ಪ್ರಕಾಶನಗಳ ಪುಸ್ತಕಗಳಿಗೆ ದಿನಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ ಹೇಗೂ ಜಾಗ ದೊರೆಯುತ್ತದೆ. ಆದ್ದರಿಂದ ಕೈಯಿಂದ ದುಡ್ಡು ಹಾಕಿ ಪುಸ್ತಕ ತರುವ ಲೇಖಕರಿಗೇ ಈ ಪುಟಗಳನ್ನು ಬಿಟ್ಟುಕೊಡುವುದೆಂದು ತೀರ್ಮಾನವಾಯಿತು. ಸಂಪಾದನೆಯ ಹೊಣೆ ನನ್ನ ಪಾಲಿಗೆ ಬಂದಿದೆ. ಈಗ ಮೇಜಿನ ಮೇಲೆ ಒಂದು ಗಜಲ್ ಸಂಕಲನ, ಸಕಲೇಶಪುರ ಸೀಮೆಯ ಕಾಫಿ ತೋಟದ ಕಾದಂಬರಿ, ಬೇಲೂರು-ಹಳೇಬೀಡಿನ ಸ್ಥಳೀಯ ಇತಿಹಾಸ, ಮಕ್ಕಳ ನಾಟಕಗಳು, ಪತ್ತೇದಾರಿ ಕಥೆ ಮತ್ತು ನಿವೃತ್ತ ಶಿಕ್ಷಕರೊಬ್ಬರ ಆತ್ಮಕಥನ ಒಟ್ಟಿಗೆ ಕುಳಿತಿವೆ.

ಇಷ್ಟು ಬಗೆಯ ಬರಹಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುವುದು ಸರಿಯೇ? ಕಾಗುಣಿತದ ತಪ್ಪುಗಳು ಪುಟಪುಟಕ್ಕೂ ಕಂಡರೆ ಅದನ್ನು ಬರೆಯಬೇಕೇ, ಬಿಡಬೇಕೇ? ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯೆಂದರೆ, ಈ ಲೇಖಕರಲ್ಲಿ ಹಲವರು ನಾಳೆ ಸಂತೆಪೇಟೆಯಲ್ಲೋ ಮದುವೆ ಮನೆಯಲ್ಲೋ ಎದುರಾಗುವವರು. ಹೀಗಾಗಿ ಬಳಗದ ಸದಸ್ಯರು ಬರೆದುಕೊಡುವ ವಿಮರ್ಶೆಗಳೆಲ್ಲ ಬೆನ್ನುಡಿಯ ಇನ್ನೊಂದು ರೂಪವಾಗುತ್ತಿವೆ. ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.

ಗಿರಿಸೀಮೆ (ಚಿಕ್ಕಮಗಳೂರು)

ಸರ್, ಮೊದಲು ಒಂದು ಮುಜುಗರವನ್ನು ಪಕ್ಕಕ್ಕಿಡೋಣ. ಲೇಖಕನೇ ಪ್ರಕಾಶಕನಾಗುವುದು ಕನ್ನಡಕ್ಕೆ ಹೊಸತೂ ಅಲ್ಲ, ಕೀಳೂ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದವರು. ಆದ್ದರಿಂದ 'ಪಾಪ, ಸ್ವಂತ ಖರ್ಚಿನಲ್ಲಿ ತಂದಿದ್ದಾರೆ' ಎಂಬ ಕನಿಕರದಿಂದ ವಿಮರ್ಶೆ ಆರಂಭವಾಗಬಾರದು. ಖರ್ಚು ಯಾರದ್ದಾದರೂ ಪುಸ್ತಕಕ್ಕೆ ಬೆಲೆ ಕೊಡುವ ಓದುಗನ ದುಡ್ಡು ಒಂದೇ, ಮತ್ತು ವಿಮರ್ಶಕ ಉತ್ತರ ಹೇಳಬೇಕಾದದ್ದು ಆ ಓದುಗನಿಗೆ.

ಅಳತೆಗೋಲಿನ ವಿಷಯಕ್ಕೆ ಬಂದರೆ, ಪ್ರತಿ ಪ್ರಕಾರಕ್ಕೂ ಅದರದೇ ಕರಾರು ಇರುತ್ತದೆ. ಲೇಖಕ ತಾನೇ ಒಪ್ಪಿಕೊಂಡ ಕರಾರನ್ನು ನಡೆಸಿಕೊಟ್ಟಿದ್ದಾನೆಯೇ ಎಂದು ನೋಡುವುದು ನನ್ನ ಕ್ರಮ. ಗಜಲ್‌ನ ಮತ್ಲಾದಲ್ಲಿ (ಮೊದಲ ದ್ವಿಪದಿಯಲ್ಲಿ) 'ಮಳೆ ನೀನಿಲ್ಲದೆ', 'ಇಳೆ ನೀನಿಲ್ಲದೆ' ಎಂದು ಎರಡೂ ಸಾಲುಗಳನ್ನು ಮುಗಿಸಿದ ಕವಿ, ನಾಲ್ಕನೆಯ ಶೇರ್‌ನಲ್ಲಿ (ದ್ವಿಪದಿಯಲ್ಲಿ) 'ಮೋಡ ನೀನಿಲ್ಲದೆ' ಎಂದು ಬರೆದರೆ ಕೊನೆಯಲ್ಲಿ ಮರುಕಳಿಸುವ ಪದವಾದ ರದೀಫು ಉಳಿದಿದೆ, ಅದರ ಹಿಂದಿನ ಪ್ರಾಸವಾದ ಕಾಫಿಯಾ ಮುರಿದಿದೆ. ಇದನ್ನು ಆ ಸಾಲುಗಳ ಸಮೇತ ತೋರಿಸಬೇಕು. ಹಾಗೆಂದು ರದೀಫೇ ಇಲ್ಲದ ಗಜಲ್ ಕಂಡ ಕೂಡಲೇ ತಪ್ಪೆನ್ನಲಾಗದು, ಅಂತಹ ಗಜಲ್‌ಗಳಿಗೂ ಪರಂಪರೆಯ ಒಪ್ಪಿಗೆಯಿದೆ. ಅದೇ ಅಂತ್ಯಪ್ರಾಸದ ಕಣ್ಣಿನಿಂದ ಮಕ್ಕಳ ನಾಟಕವನ್ನು ನೋಡಿ ಪ್ರಯೋಜನವಿಲ್ಲ; ಅಲ್ಲಿ ಐದನೆಯ ತರಗತಿಯ ಮಗು ಒಂದೇ ಉಸಿರಿಗೆ ಹೇಳಬಹುದಾದ ಮಾತು ಇದೆಯೇ, ಒಬ್ಬರೇ ಮಾತಾಡುತ್ತಿರುವಾಗ ಉಳಿದ ಮಕ್ಕಳಿಗೆ ರಂಗದ ಮೇಲೆ ಕೆಲಸವಿದೆಯೇ ಎಂಬುದನ್ನು ನೋಡಬೇಕು. ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಯಾರೆಂದು ಹೇಳದೆಯೇ, ಸುಳಿವುಗಳನ್ನು ಲೇಖಕ ಓದುಗನ ಮುಂದೆ ಪ್ರಾಮಾಣಿಕವಾಗಿ ಇಟ್ಟಿದ್ದಾನೆಯೇ ಎಂದಷ್ಟನ್ನು ಹೇಳಿದರೆ ಸಾಕು.

ಸ್ಥಳೀಯ ಇತಿಹಾಸಕ್ಕೆ ಮಾತ್ರ ಯಾವ ರಿಯಾಯಿತಿಯನ್ನೂ ಕೊಡಬೇಡಿ. ಊರಿನ ಮೇಲಿನ ಅಭಿಮಾನದಿಂದ ಬರೆದ ಪುಸ್ತಕ ಮುಂದೆ ಶಾಲೆಯ ಭಾಷಣಕ್ಕೂ ಜಾತ್ರೆಯ ಸ್ಮರಣ ಸಂಚಿಕೆಗೂ ಆಧಾರವಾಗುತ್ತದೆ. ಬೇಲೂರಿನ ದೇಗುಲದ ಬಗ್ಗೆ ಬರೆದವರು ಜಕಣಾಚಾರಿಯ ಕಥೆಯನ್ನು ಐತಿಹ್ಯವೆಂದು ಹೇಳಿದ್ದಾರೆಯೇ, ಚರಿತ್ರೆಯೆಂದೇ ಸಾರಿದ್ದಾರೆಯೇ ಎಂದು ನೋಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ದೇಗುಲದ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರುಗಳನ್ನೇ ಕೆತ್ತಿ ಬಿಟ್ಟಿದ್ದಾರೆ. ಅವರನ್ನು ಹೆಸರಿಸದೆ ಜಕಣಾಚಾರಿಗೆ ಮೂರು ಅಧ್ಯಾಯ ಕೊಟ್ಟ ಪುಸ್ತಕವನ್ನು ಇತಿಹಾಸವೆಂದು ಶಿಫಾರಸು ಮಾಡಲಾಗದು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಐದನೆಯ ಸಂಪುಟ ಹಾಸನ ಜಿಲ್ಲೆಯದೇ ಆಗಿದ್ದು, ಶಾಸನದ ಉಲ್ಲೇಖಗಳನ್ನು ಅದರಲ್ಲಿ ತಾಳೆ ನೋಡುವುದು ಕಷ್ಟವೇನಲ್ಲ.

ಕಾಫಿ ತೋಟದ ಕಾದಂಬರಿಗೂ ಇಂಥದೇ ಒಂದು ಪರೀಕ್ಷೆ ನಮ್ಮ ಸೀಮೆಯವರಿಗೆ ಸಹಜವಾಗಿ ಒದಗುತ್ತದೆ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಬಿದ್ದ ಮಾರನೆಯ ಬೆಳಗ್ಗೆಯೇ ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿತೆಂದು ಬರೆದರೆ, ಮಳೆಗೂ ಹೂವಿಗೂ ನಡುವೆ ಒಂದು ವಾರಕ್ಕೂ ಮಿಕ್ಕಿದ ಕಾಯುವಿಕೆ ಇದೆಯೆಂದು ಬಲ್ಲ ಓದುಗ ಅಲ್ಲಿಯೇ ಪುಸ್ತಕ ಮುಚ್ಚುತ್ತಾನೆ. ಆ ದಿನಗಳಲ್ಲಿ ಬೆಳೆಗಾರನ ಮನೆಯಲ್ಲಿ ನಡೆಯುವ ಆಕಾಶ ನೋಡುವ ಆಟವನ್ನು, ಹಿಂಬಾಲಿಸಿ ಬರಬೇಕಾದ ಎರಡನೆಯ ಮಳೆಯ ಆತಂಕವನ್ನು ಬಿಟ್ಟುಕೊಟ್ಟದ್ದು ಕೃಷಿಯ ತಪ್ಪಷ್ಟೇ ಅಲ್ಲ. ಕಾದಂಬರಿಕಾರ ಕೈಯಾರೆ ಕಳೆದುಕೊಂಡ ಒಂದು ಅಧ್ಯಾಯ. ವಿಮರ್ಶೆಯಲ್ಲಿ ಹೇಳಬೇಕಾದದ್ದು ಎರಡನೆಯದನ್ನು.

ಕರಡು ತಿದ್ದುವವಳು (ಹಾಸನ)

ಮೇಲಿನ ಉತ್ತರದಲ್ಲಿ ಕಾಗುಣಿತದ ಪ್ರಶ್ನೆ ಉಳಿದುಹೋಗಿದೆ. ಡಿಟಿಪಿ ಕೇಂದ್ರಗಳಲ್ಲಿ ಕರಡು ತಿದ್ದುವ ಕೆಲಸ ಮಾಡುವುದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಲೇಖಕರು 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡ್‌ಗೆ ಪರಿವರ್ತಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನ ತಪ್ಪುವುದುಂಟು, ಉದ್ಧರಣ ಚಿಹ್ನೆಗಳು ಇನ್ನೇನೋ ಆಗಿಬಿಡುವುದುಂಟು. ಒಂದೇ ಬಗೆಯ ದೋಷ ಪುಸ್ತಕದುದ್ದಕ್ಕೂ ಮರುಕಳಿಸುತ್ತಿದ್ದರೆ ಅದು ಪರಿವರ್ತನೆಯದ್ದು. ಅಲ್ಪಪ್ರಾಣ-ಮಹಾಪ್ರಾಣ, ಶಕಾರ-ಷಕಾರಗಳು ಒಂದು ಪುಟದಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ತಪ್ಪಿದ್ದರೆ, ಕರಡನ್ನು ಯಾರೂ ಓದಿಲ್ಲವೆಂದು ತಿಳಿಯಬಹುದು. ಮೂರನೆಯದೊಂದಿದೆ, ಅದನ್ನು ತಪ್ಪೆಂದು ಎಣಿಸಲೇಬಾರದು. ಪಾತ್ರವೊಂದು 'ಆಸನಕ್ಕೆ ಓಗಿದ್ದೆ ಕಣಣ್ಣ' ಎಂದರೆ ಅದು ಆ ಪಾತ್ರದ ನಾಲಿಗೆ. ಅದನ್ನು ತಿದ್ದಲು ಹೊರಟ ವಿಮರ್ಶೆಯೊಂದನ್ನು ಓದಿ ಲೇಖಕರಿಗಿಂತ ಹೆಚ್ಚು ಸಂಕಟ ನನಗಾಗಿತ್ತು. ನಿರೂಪಣೆಯಲ್ಲಿ ಮಾತ್ರ ಅದೇ 'ಓಗಿದ್ದೆ' ನುಸುಳಿದ್ದರೆ ಕೇಳಬೇಕಾದದ್ದೇ.

ಪುಟಗಳು ಬಿಟ್ಟುಹೋಗಿದ್ದರೆ ಅಥವಾ ಎರಡೆರಡು ಸಲ ಬಂದಿದ್ದರೆ ತರಿಸಿಕೊಂಡು ಇನ್ನೊಂದು ಪ್ರತಿಯನ್ನು ನೋಡಿ. ಹದಿನಾರು ಪುಟಗಳ ಒಂದು ಫಾರಂ ಅದಲುಬದಲಾಗುವುದು ಬೈಂಡಿಂಗಿನ ಎಡವಟ್ಟು, ಅದು ಆ ಒಂದು ಪ್ರತಿಗಷ್ಟೇ ಸೀಮಿತವಾಗಿರಬಹುದು.

ನನ್ನ ಸಲಹೆ ಇಷ್ಟೆ: ತಪ್ಪುಗಳ ಪಟ್ಟಿಯನ್ನು ಪುಟಸಂಖ್ಯೆಯೊಡನೆ ಪ್ರತ್ಯೇಕ ಪತ್ರದಲ್ಲಿ ಲೇಖಕರಿಗೆ ಕಳುಹಿಸಿ. ಬೇಡಿಕೆಗೆ ತಕ್ಕಷ್ಟೇ ಮುದ್ರಿಸುವ ಪದ್ಧತಿಯಲ್ಲಿ ಪುಸ್ತಕ ಬಂದಿದ್ದರೆ ಮುಂದಿನ ಪ್ರತಿಗಳಲ್ಲೇ ತಿದ್ದುಪಡಿ ಸಾಧ್ಯ. ವಿಮರ್ಶೆಯಲ್ಲಿ, ಓದಿಗೆ ತೊಡಕಾಗುವಷ್ಟು ತಪ್ಪುಗಳಿದ್ದರೆ ಒಂದು ವಾಕ್ಯ ಬರೆಯಿರಿ, ಸಾಕು. ಪಟ್ಟಿಯನ್ನೇ ವಿಮರ್ಶೆಯಾಗಿ ಅಚ್ಚು ಮಾಡಿದರೆ ಓದುಗರಿಗೆ ಪುಸ್ತಕವೂ ತಿಳಿಯುವುದಿಲ್ಲ.

ಮೂಡಿಗೆರೆಯ ಬರಹಗಾರ

ಸ್ವಂತವಾಗಿ ಪುಸ್ತಕ ತಂದವನ ಕಡೆಯ ಮಾತನ್ನೂ ಸೇರಿಸಬೇಕೆನ್ನಿಸಿತು. ಗಿರಿಸೀಮೆಯವರ ಕನಿಕರ ಬೇಡವೆಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಖರ್ಚಿನ ಲೆಕ್ಕ ಬದಿಗಿರಲಿ ಎಂಬುದನ್ನು ಒಪ್ಪಲಾರೆ. ದೊಡ್ಡ ಪ್ರಕಾಶನದಲ್ಲಿ ಸಂಪಾದಕರು, ಕರಡು ತಿದ್ದುವವರು, ಮುಖಪುಟ ಕಲಾವಿದರು ಹಂಚಿಕೊಳ್ಳುವ ಕೆಲಸವನ್ನು ಇಲ್ಲಿ ಒಬ್ಬನೇ ಮಾಡಿರುತ್ತಾನೆ. ದೋಷ ಯಾವ ಕೆಲಸದ್ದೆಂದು ವಿಮರ್ಶಕ ಬಿಡಿಸಿ ಹೇಳಿದರೆ ಮುಂದಿನ ಪುಸ್ತಕಕ್ಕೆ ಯಾರ ನೆರವು ಕೇಳಬೇಕೆಂದು ಅವನಿಗೆ ತಿಳಿಯುತ್ತದೆ. ಒರಟು ಮಾತಿಗಿಂತ ನಮ್ಮನ್ನು ಹೆಚ್ಚು ನೋಯಿಸುವುದು 'ಸಾದರ ಸ್ವೀಕಾರ'ದ ಒಂದು ಸಾಲು. ಪುಸ್ತಕ ತಲುಪಿದೆ, ತೆರೆದಿಲ್ಲ ಎಂಬುದಕ್ಕೆ ಅದೇ ರಸೀದಿ.

ಇನ್ನು, ಪುಸ್ತಕ ಎಲ್ಲಿ ಸಿಗುತ್ತದೆಂಬುದನ್ನು ದಯವಿಟ್ಟು ಮರೆಯಬೇಡಿ. ಪುಟಗಳು, ಬೆಲೆ, ಪುಸ್ತಕದ ಅಳತೆ ಡೆಮಿಯೋ ಕ್ರೌನೋ ಎಂಬುದೆಲ್ಲ ಬಂದು, ಕೊಳ್ಳುವ ದಾರಿಯೊಂದೇ ಬಿಟ್ಟುಹೋದ ವಿಮರ್ಶೆಗಳನ್ನು ಬಹಳ ಕಂಡಿದ್ದೇನೆ. ನಮ್ಮ ಪುಸ್ತಕಗಳು ಅಂಗಡಿಗಳಲ್ಲಿ ಅಪರೂಪ. ಐಎಸ್‌ಬಿಎನ್ ಎಂಬ ಪುಸ್ತಕ ಗುರುತಿನ ಸಂಖ್ಯೆ ಇಲ್ಲದ ಪುಸ್ತಕ ಬಂದರೆ ಅದನ್ನು ಕೀಳೆಂದು ತಳ್ಳದೆ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ ಲೇಖಕರೇ ಆ ಸಂಖ್ಯೆಯನ್ನು ಉಚಿತವಾಗಿ ಪಡೆಯಬಹುದೆಂದು ತಿಳಿಸಿ. ಇದಕ್ಕೂ ಹಣ ತೆತ್ತವರು ನಮ್ಮ ನಡುವೆ ಇದ್ದಾರೆ.

ಹೇಮಾವತಿ ತೀರದ ಓದುಗ

ಎಲ್ಲರಿಗೂ ವಂದನೆಗಳು. ಎರಡು ಸಂಗತಿಗಳು ಉಳಿದಿವೆ. ಹನಿಗವನಗಳ ಪುಸ್ತಕವನ್ನು ವಿಮರ್ಶಿಸುವಾಗ ನಾಲ್ಕು ಸಾಲು ಉದ್ಧರಿಸಿದರೆ ಇಡೀ ಕವನವನ್ನೇ ಅಚ್ಚು ಹಾಕಿದಂತಾಗುತ್ತದೆ, ಇದು ತಪ್ಪೇ? ಪರಿಚಿತರ ಪುಸ್ತಕವನ್ನು ಏನು ಮಾಡುವುದು?

ಗಿರಿಸೀಮೆ

1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿಮರ್ಶೆಗಾಗಿ ಮಾಡುವ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ನೀವು ಚರ್ಚಿಸುವ ಒಂದೆರಡು ಹನಿಗಳನ್ನು ಕವಿಯ ಹೆಸರಿನೊಡನೆ ಉದ್ಧರಿಸಿ, ಅವು ಏಕೆ ಹಿಡಿಸಿದವು ಅಥವಾ ಹಿಡಿಸಲಿಲ್ಲ ಎಂದು ಬರೆದರೆ ಆಕ್ಷೇಪಣೆಗೆ ಆಸ್ಪದವಿರಲಾರದು. ಚೆಂದದ ಹನಿಗಳನ್ನೆಲ್ಲ ಆರಿಸಿ ಪುಟ ತುಂಬಿಸುವುದು ಬೇರೆ ಮಾತು; ಅಷ್ಟನ್ನು ಓದಿದವನು ಪುಸ್ತಕ ಕೊಳ್ಳುವುದಿಲ್ಲ.

ಪರಿಚಿತರ ವಿಷಯದಲ್ಲಿ ನಾವು ಪಾಲಿಸುವ ಕ್ರಮ ಸರಳವಾಗಿದೆ. ಮುನ್ನುಡಿ ಬರೆದವರು, ಬಿಡುಗಡೆಯ ವೇದಿಕೆಯಲ್ಲಿ ಕುಳಿತವರು, ನೆಂಟರು ಆ ಪುಸ್ತಕವನ್ನು ವಿಮರ್ಶಿಸುವಂತಿಲ್ಲ. ಹಾಸನದವರ ಪುಸ್ತಕ ಚಿಕ್ಕಮಗಳೂರಿಗೆ ಬರಲಿ, ನಮ್ಮವರದ್ದು ನಿಮ್ಮಲ್ಲಿಗೆ ಬರಲಿ. ಅಂಚೆ ವೆಚ್ಚ ಹೆಚ್ಚೇನಾಗದು. ಆ ಗಜಲ್ ಸಂಕಲನವನ್ನೂ ಬೇಲೂರಿನ ಇತಿಹಾಸವನ್ನೂ ಮೊದಲು ಕಳುಹಿಸಿ. ಕಾದಂಬರಿಯನ್ನು ಮಾತ್ರ ತೋಟದ ಬದುಕು ತಿಳಿಯದ ಯಾರಿಗಾದರೂ ಓದಲು ಕೊಟ್ಟು ನೋಡಿ, ಹೂಮಳೆಯ ಲೆಕ್ಕ ಗೊತ್ತಿಲ್ಲದವರನ್ನು ಅದು ಎಷ್ಟು ದೂರ ಕರೆದೊಯ್ಯುತ್ತದೆಂದು ನನಗೂ ಕುತೂಹಲವಿದೆ.