ವಾರಂಟಿ ಉಂಟು, ಆದರೆ ಫೋನ್ ‘ಅನ್‌ಲಾಕ್’ ಅಂತೆ: ರಿಪೇರಿಯವರಿಗೆ ಪ್ರಶ್ನೆಗಳು

ಅಡ್ಮಿನ್: ಇವತ್ತು ಭಾನುವಾರ. ಸಂಜೆ 4ರಿಂದ ಕುಂಬಳೆಯ ನಮ್ಮ ರಿಪೇರಿ ಅಣ್ಣ ಗುಂಪಿನಲ್ಲಿ ಇರುತ್ತಾರೆ. ಮಂಗಳೂರಿನ ಒಂದು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ 9 ವರ್ಷ ದುಡಿದು ಈಗ ಸ್ವಂತ ಅಂಗಡಿ ಹಾಕಿದವರು. ವಾರಂಟಿ ವಿಷಯ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ಉಪ್ಪಳದ ಹುಡುಗ: ಅಣ್ಣ, ದುಬೈಯಿಂದ ಭಾವ ತಂದ ಫೋನ್. ಬಾಕ್ಸ್ ಮೇಲೆ ‘ಅನ್‌ಲಾಕ್ಡ್’ ಅಂತಲೇ ಉಂಟು. 7 ತಿಂಗಳಾಯಿತಷ್ಟೆ, ಸ್ಕ್ರೀನಿನಲ್ಲಿ ಹಸಿರು ಗೆರೆ ಬಂದಿದೆ. ಮಂಗಳೂರಿನಲ್ಲಿ ವಾರಂಟಿ ಸಿಗುತ್ತದಾ?

ರಿಪೇರಿಯವರು: ಬಾಕ್ಸಿನಲ್ಲಿ ಇರುವ ‘ಅನ್‌ಲಾಕ್ಡ್’ ಅಂದರೆ ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುತ್ತದೆ ಅಂತ. ಅಷ್ಟೇ. ಅದಕ್ಕೂ ವಾರಂಟಿಗೂ ಸಂಬಂಧ ಇಲ್ಲ. ಲ್ಯಾಪ್‌ಟಾಪಿಗೆ ಎಷ್ಟೋ ಕಂಪನಿಗಳು ಬೇರೆ ದೇಶದಲ್ಲೂ ವಾರಂಟಿ ಕೊಡುತ್ತವೆ. ಫೋನಿಗೆ ಹೆಚ್ಚಿನವರು ಕೊಡುವುದಿಲ್ಲ, ಮಾರಿದ ದೇಶದಲ್ಲೇ ಮಾಡಿಸಬೇಕು. ನಿಮ್ಮ ಮಾದರಿಗೆ ಇಲ್ಲಿ ಉಂಟಾ ಅಂತ ಕಂಪನಿಯ ಸಹಾಯವಾಣಿಯಲ್ಲಿ ಐಎಂಇಐ (ಪ್ರತಿ ಫೋನಿಗೂ ಇರುವ 15 ಅಂಕಿಯ ಗುರುತು ಸಂಖ್ಯೆ) ಹೇಳಿ ಕೇಳಿ. ಇಲ್ಲ ಅಂದರೆ ದುಬೈಗೆ ಹೋಗುವವರ ಕೈಯಲ್ಲಿ ಬಿಲ್ ಸಮೇತ ಕಳಿಸಿ. ನಮ್ಮ ಊರಲ್ಲಿ ಅಂಥವರಿಗೆ ಬರವಾ? ಕಳಿಸುವ ಮೊದಲು ನಿಮ್ಮ ಅಕೌಂಟ್ ತೆಗೆದು ರೀಸೆಟ್ ಮಾಡಿ. ಫೋನ್ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಬೇಡ.

ಮಂಜೇಶ್ವರ: ನನ್ನದು ಖತರ್‌ನಿಂದ ತಂದದ್ದು. ಅದಕ್ಕೆ ಹೇಗೆ?

ರಿಪೇರಿಯವರು: ಅದೇ ಉತ್ತರ.

ಬದಿಯಡ್ಕ: ಸ್ಪೀಕರ್ ಸೌಂಡ್ ತುಂಬ ಕಮ್ಮಿ ಆಗಿದೆ ಅಣ್ಣ. ವಾರಂಟಿ ಮುಗಿಯಲು 12 ದಿನ ಉಂಟು. ಏನು ಮಾಡಲಿ?

ಮುಳ್ಳೇರಿಯದ ಅಕ್ಕ: ನಮಸ್ಕಾರ. ಹೋದ ನವೆಂಬರಿನಲ್ಲಿ ಮಗಳ ಓದಿಗೆ ಅಂತ ಹೊಸ ಫೋನ್ ತೆಗೆದುಕೊಂಡೆವು, 17,500 ರೂಪಾಯಿ. ಬಿಲ್ ಉಂಟು. ಈಗ ಚಾರ್ಜ್ ಆಗುವುದಿಲ್ಲ, ವಯರನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಮಾತ್ರ ಆಗುತ್ತದೆ. ಬಸ್ಸು, ರೈಲು ಹತ್ತಿ ಮಂಗಳೂರಿನ ಸರ್ವಿಸ್ ಸೆಂಟರಿಗೆ ಹೋದೆ. ಒಳಗೆ ತೆಗೆದುಕೊಂಡು ಹೋಗಿ ಹತ್ತು ನಿಮಿಷದಲ್ಲಿ ವಾಪಸ್ ತಂದರು. ‘ಫೋನ್ ಅನ್‌ಲಾಕ್ ಮಾಡಿದ್ದೀರಿ, ವಾರಂಟಿ ಇಲ್ಲ’ ಅಂತ ಹೇಳಿದರು. ನನಗೆ ಗೊತ್ತಿರುವ ಅನ್‌ಲಾಕ್ ಅಂದರೆ ಬೆರಳು ಇಟ್ಟು ತೆಗೆಯುವುದು. ಮಗಳು ಏನೋ ಮಾಡಿರಬೇಕು ಅಂತ ರೈಲಿನಲ್ಲೇ ಬೈದೆ. ಅವಳು ಅತ್ತಳು.

ರಿಪೇರಿಯವರು: ಅಕ್ಕ, ಮಗಳಿಗೆ ಬೈಯಬೇಡಿ. ಮೂರು ವಿಷಯ ಹೇಳಿ. ಫೋನ್ ಆಫ್ ಮಾಡಿ ಆನ್ ಮಾಡುವಾಗ ಪರದೆಯಲ್ಲಿ ಏನು ಬರುತ್ತದೆ? ಅಪ್‌ಡೇಟ್ ಯಾವಾಗ ಬಂದಿತ್ತು? ಬ್ಯಾಂಕಿನ ಆ್ಯಪ್ ನಡೆಯುತ್ತದಾ?

ಪೆರ್ಲದ ಮಾಸ್ಟ್ರು: ಮಂಗಳೂರಿನವರು ಹೀಗೇ. ನಾನು ಹೋದಾಗ ‘ನೀವು ಕೇರಳದವರು, ಕಣ್ಣೂರಿಗೆ ಹೋಗಿ’ ಅಂದಿದ್ದರು. ಫೋನ್ ಮಾಡಿದರೆ ಆ ಕಡೆಯಿಂದ ಮಲಯಾಳ. ನಾವು ಎಲ್ಲಿಗೂ ಸಲ್ಲದವರು.

ರಿಪೇರಿಯವರು: ಭಾರತದಲ್ಲಿ ಕೊಂಡದ್ದಕ್ಕೆ ಭಾರತದ ಯಾವ ಊರಿನಲ್ಲೂ ವಾರಂಟಿ ಉಂಟು ಮಾಸ್ಟ್ರೇ. ಬಿಲ್ ಯಾವ ರಾಜ್ಯದ್ದು ಅಂತ ಕೇಳುವ ಹಾಗಿಲ್ಲ. ಕೇಳಿದರೆ ಅದನ್ನೇ ಬರೆದು ಕೊಡಿ ಅನ್ನಿ.

ಮುಳ್ಳೇರಿಯದ ಅಕ್ಕ: ಆನ್ ಮಾಡುವಾಗ ಮೇಲೆ ಒಂದು ಸಣ್ಣ ಬೀಗದ ಚಿತ್ರ, ಬಾಯಿ ತೆರೆದ ಹಾಗೆ. ಕೆಳಗೆ ಇಂಗ್ಲಿಷಿನಲ್ಲಿ ಏನೋ ಎರಡು ಸಾಲು, ಐದು ಸೆಕೆಂಡ್ ಇದ್ದು ಹೋಗುತ್ತದೆ. ಮೊದಲ ದಿನದಿಂದಲೂ ಹಾಗೇ. ಅದು ಕಂಪನಿಯ ಡಿಸೈನ್ ಅಂದುಕೊಂಡಿದ್ದೆವು. ಅಪ್‌ಡೇಟ್ ಬಂದದ್ದೇ ಇಲ್ಲ. ಬ್ಯಾಂಕಿನ ಆ್ಯಪ್ ತೆರೆದರೆ ‘ಈ ಸಾಧನ ಸುರಕ್ಷಿತವಲ್ಲ’ ಅಂತ ಮುಚ್ಚಿಕೊಳ್ಳುತ್ತದೆ.

ರಿಪೇರಿಯವರು: ಮೊದಲ ದಿನದಿಂದಲೂ? ಬಾಕ್ಸಿನ ಫೋಟೋ ಹಾಕಿ, ನಾಲ್ಕೂ ಬದಿ. ಚಾರ್ಜರಿನದ್ದೂ.

ಉಕ್ಕಿನಡ್ಕ: (ಫಾರ್ವರ್ಡ್) ನೀರಿಗೆ ಬಿದ್ದ ಫೋನನ್ನು 24 ಗಂಟೆ ಅಕ್ಕಿಯಲ್ಲಿ ಹೂತಿಟ್ಟರೆ ವಾರಂಟಿಯವರಿಗೂ ಗೊತ್ತಾಗುವುದಿಲ್ಲ. ಎಲ್ಲರಿಗೂ ತಲುಪಿಸಿ.

ರಿಪೇರಿಯವರು: ಗೊತ್ತಾಗುತ್ತದೆ. ಸಿಮ್ ಟ್ರೇ ತೆಗೆದು ಒಳಗೆ ಟಾರ್ಚ್ ಬಿಡಿ, ಬಿಳಿ ಚುಕ್ಕೆ ಕಾಣುತ್ತದೆ. ನೀರು ತಾಗಿದರೆ ಅದು ಕೆಂಪು. ಅಕ್ಕಿ ಅದನ್ನು ಮತ್ತೆ ಬಿಳಿ ಮಾಡುವುದಿಲ್ಲ. ಅಕ್ಕಿಯ ಪುಡಿ ಒಳಗೆ ಹೋಗಿ ಹಾಳಾಗುತ್ತದೆ, ಹಾಕಬೇಡಿ ಅಂತ ಆ್ಯಪಲ್ ಕಂಪನಿಯೇ 2024ರಲ್ಲಿ ಬರೆದಿದೆ. ನೀರು ತಡೆಯುತ್ತದೆ ಅನ್ನುವ ಐಪಿ68 ಗುರುತನ್ನು ನಂಬಿ ಬೇಕಲದ ಸಮುದ್ರಕ್ಕೆ ಇಳಿಯುವವರಿಗೂ ಇದೇ ಮಾತು. ಆ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ, ಉಪ್ಪುನೀರಿನಲ್ಲಿ ಅಲ್ಲ. ನೀರು ಹೋದರೆ ವಾರಂಟಿಯೂ ಇಲ್ಲ.

ನೀರ್ಚಾಲು: ಕುಚ್ಚಲಕ್ಕಿ ಆದರೆ ಪುಡಿ ಇರುವುದಿಲ್ಲ ಅಲ್ವಾ ಅಣ್ಣ?

ರಿಪೇರಿಯವರು: ಕುಚ್ಚಲಕ್ಕಿಯನ್ನು ಗಂಜಿ ಮಾಡಿ ಉಣ್ಣಿ.

ಮುಳ್ಳೇರಿಯದ ಅಕ್ಕ: ಫೋಟೋ ಹಾಕಿದ್ದೇನೆ. ಚಾರ್ಜರಿನ ಪಿನ್ ಚಪ್ಪಟೆ. ನಮ್ಮ ಸಾಕೆಟ್ಟಿಗೆ ಹೋಗುವುದಿಲ್ಲ ಅಂತ ಅಂಗಡಿಯವರೇ ಒಂದು ಅಡಾಪ್ಟರ್ ಫ್ರೀ ಕೊಟ್ಟಿದ್ದರು. ಒಳ್ಳೆಯವರು ಅಂದುಕೊಂಡೆ.

ರಿಪೇರಿಯವರು: ಅಕ್ಕ, ಪೂರ್ತಿ ಓದಿ. ಉದ್ದ ಆಗುತ್ತದೆ, ಆದರೆ ಇದು ನನ್ನ ಟೇಬಲ್ಲಿಗೆ ಈ ವರ್ಷ ಬಂದ ಮೂರನೆಯ ಕೇಸು.

ನಿಮಗೆ ಸಿಕ್ಕಿದ್ದು ಚೀನಾದ ಒಳಗೆ ಮಾರಲು ಮಾಡಿದ ಸೆಟ್ ಅಂತ ನನಗೆ ಕಾಣುತ್ತದೆ. ಅಲ್ಲಿ ಬೆಲೆ ಕಮ್ಮಿ. ಆದರೆ ಅದರಲ್ಲಿ ಪ್ಲೇ ಸ್ಟೋರ್ ಇರುವುದಿಲ್ಲ, ಭಾಷೆ ಸಾಮಾನ್ಯವಾಗಿ ಚೀನಿ ಮತ್ತು ಇಂಗ್ಲಿಷ್. ಹಾಗೆಯೇ ಮಾರಿದರೆ ಇಲ್ಲಿ ಯಾರೂ ಮುಟ್ಟುವುದಿಲ್ಲ. ಅದಕ್ಕೆ ನಡುವಿನವರು ಬಾಕ್ಸ್ ಬಿಚ್ಚಿ, ಬೂಟ್‌ಲೋಡರ್ ಅನ್‌ಲಾಕ್ ಮಾಡಿ, ಬೇರೆ ದೇಶದ ಸಾಫ್ಟ್‌ವೇರ್ ತುಂಬಿ, ಮತ್ತೆ ಸೀಲ್ ಹಾಕುತ್ತಾರೆ. ಬೂಟ್‌ಲೋಡರ್ ಅಂದರೆ ಫೋನ್ ಏಳುವಾಗ ಎಲ್ಲಕ್ಕಿಂತ ಮೊದಲು ಓಡುವ ಸಣ್ಣ ಪ್ರೋಗ್ರಾಂ. ಒಳಗಿನ ಸಾಫ್ಟ್‌ವೇರ್ ಕಂಪನಿಯದ್ದೇ ಹೌದಾ ಅಂತ ನೋಡಿ ಬಾಗಿಲು ತೆಗೆಯುವುದು ಅದರ ಕೆಲಸ. ಅದನ್ನು ಅನ್‌ಲಾಕ್ ಮಾಡಿದರೆ ಕಾವಲುಗಾರನಿಗೆ ರಜೆ ಕೊಟ್ಟ ಹಾಗೆ. ನೀವು ನೋಡುವ ತೆರೆದ ಬೀಗ, ಐದು ಸೆಕೆಂಡಿನ ಬರಹ ಎರಡೂ ಅದರದ್ದೇ ಎಚ್ಚರಿಕೆ. ಬ್ಯಾಂಕಿನ ಆ್ಯಪ್ ಮುಚ್ಚಿಕೊಳ್ಳುವುದೂ ಅದಕ್ಕೇ.

ಸರ್ವಿಸ್ ಸೆಂಟರಿನವರು ‘ಅನ್‌ಲಾಕ್’ ಅಂದದ್ದು ಸುಳ್ಳಲ್ಲ. ‘ನೀವು ಮಾಡಿದ್ದೀರಿ’ ಅಂದದ್ದು ತಪ್ಪು. ಅವರ ಜೊತೆ ಜಗಳ ಮಾಡಿ ಪ್ರಯೋಜನ ಇಲ್ಲ, ಚೀನಾದ ಸೆಟ್ಟಿಗೆ ಇಲ್ಲಿ ವಾರಂಟಿ ಇರಲೇ ಇಲ್ಲ. ನಿಮ್ಮ ಜಗಳ ಮಾರಿದ ಅಂಗಡಿಯ ಜೊತೆ.

ಈಗ ಮಾಡಬೇಕಾದ್ದು. ನಕ್ಷತ್ರ, ಹ್ಯಾಶ್, 06, ಹ್ಯಾಶ್ ಒತ್ತಿ. ಐಎಂಇಐ ಬರುತ್ತದೆ. ಅದು ಬಾಕ್ಸಿನಲ್ಲಿ, ಬಿಲ್ಲಿನಲ್ಲಿ ಇರುವುದರ ಜೊತೆ ಅಂಕಿ ಅಂಕಿ ಸರಿಹೋಗುತ್ತದಾ ನೋಡಿ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ, ಒಂದು ಜಾಗ ಬಿಟ್ಟು ಆ 15 ಅಂಕಿ, 14422ಕ್ಕೆ ಮೆಸೇಜ್ ಮಾಡಿ. ಯಾವ ಕಂಪನಿ, ಯಾವ ಮಾದರಿ ಅಂತ ಉತ್ತರ ಬರುತ್ತದೆ. ಬಾಕ್ಸಿನಲ್ಲಿ ಎಂಆರ್‌ಪಿ, ತಯಾರಿಸಿದವರ ಅಥವಾ ಆಮದು ಮಾಡಿದವರ ವಿಳಾಸ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಹುಡುಕಿ. ಭಾರತದಲ್ಲಿ ಮಾರುವ ಫೋನಿಗೆ ಇವು ಬೇಕು. ನಿಮ್ಮ ಫೋಟೋದಲ್ಲಿ ನನಗೆ ಕಾಣಲಿಲ್ಲ. ಆನ್ ಆಗುವಾಗಿನ ಆ ಐದು ಸೆಕೆಂಡನ್ನು ಬೇರೆ ಫೋನಿನಲ್ಲಿ ವೀಡಿಯೊ ಮಾಡಿ.

ಜಾಬ್ ಶೀಟ್, ಅಂದರೆ ಫೋನ್ ನೋಡಿ ಏನಾಗಿದೆ ಅಂತ ಬರೆದ ಕಾಗದ, ಕೊಟ್ಟಿದ್ದಾರಾ? ಇಲ್ಲದಿದ್ದರೆ ಇನ್ನೊಮ್ಮೆ ಹೋಗಿ ಬರೆಸಿಕೊಳ್ಳಿ. ಬಾಯಿಮಾತಿನ ‘ವಾರಂಟಿ ಇಲ್ಲ’ ಎಲ್ಲೂ ನಡೆಯುವುದಿಲ್ಲ. ‘ಅನ್‌ಲಾಕ್’ ಅಂತ ಮಾತ್ರ ಬರೆದರೆ ಸಾಲದು, ‘ಬೂಟ್‌ಲೋಡರ್ ಅನ್‌ಲಾಕ್, ಬೇರೆ ದೇಶದ ಸೆಟ್’ ಅಂತ ಬಿಡಿಸಿ ಬರೆಯಲು ಹೇಳಿ. ನಿಮ್ಮನ್ನು ವಾಪಸ್ ಕಳಿಸಿದ ಕಾಗದವೇ ಅಂಗಡಿಯವನ ಎದುರು ನಿಮಗೆ ಸಾಕ್ಷಿ.

ಆ ಫೋನಿನಲ್ಲಿ ಯುಪಿಐ, ಒಟಿಪಿ ಏನೂ ಬೇಡ. ತುಂಬಿದವರು ಸಾಫ್ಟ್‌ವೇರ್ ಜೊತೆ ಇನ್ನೇನು ತುಂಬಿದ್ದಾರೋ.

ಸೀತಾಂಗೋಳಿ: ಇಷ್ಟು ದೊಡ್ಡದು ಮಾಡುವುದು ಯಾಕೆ? ಲ್ಯಾಪ್‌ಟಾಪಿಗೆ ಸಿಕ್ಕಿಸಿ ಒಂದು ಕಮಾಂಡ್ ಹೊಡೆದರೆ ಬೂಟ್‌ಲೋಡರ್ ಮತ್ತೆ ಲಾಕ್. 2 ನಿಮಿಷ. ಅಕ್ಕ, ನಾನು ಮಾಡಿಕೊಡುತ್ತೇನೆ, 300 ಕೊಡಿ.

ರಿಪೇರಿಯವರು: ಅಕ್ಕ, ಕೊಡಬೇಡಿ! ಚೀನಾದ ಸೆಟ್ಟಿನಲ್ಲಿ ಬೇರೆ ದೇಶದ ಸಾಫ್ಟ್‌ವೇರ್ ಇರುವಾಗ ಲಾಕ್ ಮಾಡಿದರೆ ಕಾವಲುಗಾರ ಎದ್ದು ನೋಡುತ್ತಾನೆ, ಒಳಗಿರುವುದು ತನ್ನದಲ್ಲ ಅಂತ ಬಾಗಿಲು ಹಾಕುತ್ತಾನೆ. ಆಮೇಲೆ ಫೋನ್ ಏಳುವುದೇ ಇಲ್ಲ. ಲಾಕ್ ಮಾಡುವಾಗ ಒಳಗಿನ ಫೋಟೋ ಎಲ್ಲ ಅಳಿಸಿ ಹೋಗುತ್ತದೆ, ಸಾಕ್ಷಿಯೂ ಹೋಗುತ್ತದೆ.

ಸೀತಾಂಗೋಳಿ: ನಾನು ಎಷ್ಟೋ ಮಾಡಿದ್ದೇನೆ. ಏನೂ ಆಗಿಲ್ಲ.

ರಿಪೇರಿಯವರು: ಆದವರು ನನ್ನ ಹತ್ತಿರ ಬಂದಿದ್ದಾರೆ.

ಬದಿಯಡ್ಕ: ಸ್ಪೀಕರ್?

ನೀರ್ಚಾಲು: ಅಣ್ಣ, ನಾನೇ ಗೊತ್ತಿದ್ದು ರೂಟ್ ಮಾಡಿದ್ದೆ, ಅಂದರೆ ಕಂಪನಿಯ ತಡೆ ತೆಗೆದು ಫೋನಿನ ಪೂರ್ತಿ ಹಿಡಿತ ತೆಗೆದುಕೊಂಡಿದ್ದೆ. ಈಗ ಕಂಪನಿಯ ಸಾಫ್ಟ್‌ವೇರ್ ವಾಪಸ್ ಹಾಕಿದ್ದೇನೆ. ಅವರಿಗೆ ತಿಳಿಯುತ್ತದಾ?

ರಿಪೇರಿಯವರು: ಸ್ಯಾಮ್‌ಸಂಗ್ ಆದರೆ ತಿಳಿಯುತ್ತದೆ. ನಾಕ್ಸ್ ಅಂತ ಉಂಟು, ಒಳಗೆ ಒಂದು ಫ್ಯೂಸ್ ಇದ್ದ ಹಾಗೆ. ಒಮ್ಮೆ ಸೊನ್ನೆಯಿಂದ ಒಂದು ಆದರೆ ಮತ್ತೆ ಸೊನ್ನೆ ಆಗುವುದಿಲ್ಲ. ಸೆಕ್ಯೂರ್ ಫೋಲ್ಡರ್ ಕೂಡ ತೆರೆಯುವುದಿಲ್ಲ, ನೋಡಿ. ಬೇರೆ ಕಂಪನಿಯದ್ದಾದರೆ ಅವರವರ ನಿಯಮ. ಹೋಗಿ ನಿಜ ಹೇಳಿ. ಸಾಫ್ಟ್‌ವೇರಿಗೆ ಸಂಬಂಧ ಇಲ್ಲದ ದೋಷ ಆದರೆ ವಾದ ಮಾಡಲು ಜಾಗ ಉಂಟು.

ಮಂಜೇಶ್ವರ: ಅಮೆರಿಕದಿಂದ ಅಳಿಯ ಐಫೋನ್ 15 ತಂದಿದ್ದಾನೆ. ಸಿಮ್ ಹಾಕುವ ಜಾಗವೇ ಇಲ್ಲ. ಡಿಫೆಕ್ಟ್ ಅಲ್ವಾ? ವಾರಂಟಿಯಲ್ಲಿ ಬದಲಾಯಿಸಿ ಕೊಡುತ್ತಾರಾ?

ರಿಪೇರಿಯವರು: ಡಿಫೆಕ್ಟ್ ಅಲ್ಲ. ಅಮೆರಿಕದಲ್ಲಿ ಮಾರುವ ಐಫೋನಿಗೆ 14ರಿಂದ ಈಚೆಗೆ ಟ್ರೇ ಇಲ್ಲ, ಇ-ಸಿಮ್ (ಫೋನಿನ ಒಳಗೇ ಇರುವ ಸಿಮ್) ಮಾತ್ರ. ಸೆಟ್ಟಿಂಗ್ಸ್, ಜನರಲ್, ಅಬೌಟ್, ಕೆಳಗೆ ‘ಕ್ಯಾರಿಯರ್ ಲಾಕ್’ ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತ ಇದ್ದರೆ ಸರಿ. ಇಲ್ಲದಿದ್ದರೆ ಅಲ್ಲಿನ ಸಿಮ್ ಕಂಪನಿಯೇ ತೆಗೆಯಬೇಕು. ಕಂತು ಬಾಕಿ ಇದ್ದರೆ ಅವರು ತೆಗೆಯುವುದಿಲ್ಲ. ಅಳಿಯನನ್ನು ಕೇಳಿ.

ಮಂಜೇಶ್ವರ: ಅಳಿಯನನ್ನು ಕಂತಿನ ವಿಷಯ ಹೇಗೆ ಕೇಳುವುದು ಮಾರಾಯ್ರೇ.

ಹೊಸಂಗಡಿ: ಮುಳ್ಳೇರಿಯದ ಅಕ್ಕನಿಗೆ. ನಾನು ವಕೀಲರ ಆಫೀಸಿನಲ್ಲಿ ಕೆಲಸ ಮಾಡುವವನು. ಅಂಗಡಿ ಕರ್ನಾಟಕದಲ್ಲಿ ಇದ್ದರೂ ನೀವು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ಬಂದ ಮೇಲೆ ದೂರುದಾರ ವಾಸ ಇರುವ ಜಾಗ ಸಾಕು. 5 ಲಕ್ಷದವರೆಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. 2 ವರ್ಷದ ಒಳಗೆ ಕೊಡಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅಂಗಡಿಗೆ ಒಂದು ರಿಜಿಸ್ಟರ್ಡ್ ಪತ್ರ ಹಾಕಿ, 15 ದಿನ ಗಡುವು ಕೊಡಿ.

ಪೆರ್ಲದ ಮಾಸ್ಟ್ರು: ಅಲ್ಲಿ ಹೋದರೆ ಎಲ್ಲ ಮಲಯಾಳ. ನಮ್ಮ ಕನ್ನಡ ಯಾರಿಗೆ ಬೇಕು? 1967ರಲ್ಲಿ ಮಹಾಜನ ವರದಿ ಚಂದ್ರಗಿರಿಯ ಉತ್ತರಕ್ಕೆ ಇರುವುದು ಕರ್ನಾಟಕಕ್ಕೆ ಅಂತ ಹೇಳಿತ್ತು. ಅದು ಜಾರಿ ಆಗಿದ್ದರೆ ಈ ಅವಸ್ಥೆ ಬರುತ್ತಿತ್ತಾ?

ಕಾಸರಗೋಡು ಪೇಟೆ: ಮಾಸ್ಟ್ರೇ, ಅಕ್ಕನಿಗೆ ಟೋಪಿ ಹಾಕಿದ ಅಂಗಡಿಯವನು ಕನ್ನಡದಲ್ಲೇ ಮಾತಾಡಿ ಹಾಕಿದ್ದಲ್ವಾ?

ಪೆರ್ಲದ ಮಾಸ್ಟ್ರು: ನಿಮ್ಮಂಥವರಿಂದಲೇ ಇಲ್ಲಿ ಕನ್ನಡ ಶಾಲೆಗೆ ಮಕ್ಕಳಿಲ್ಲದ್ದು.

ಕಾಸರಗೋಡು ಪೇಟೆ: ನನ್ನ ಇಬ್ಬರೂ ಮಕ್ಕಳು ಕನ್ನಡ ಮೀಡಿಯಂ. ನಿಮ್ಮ ಮೊಮ್ಮಗ ಎಲ್ಲಿ ಓದುವುದು, ಹೇಳಿ ನೋಡುವಾ.

ಪೆರ್ಲದ ಮಾಸ್ಟ್ರು: ಅದು ಬೇರೆ ವಿಷಯ.

ರಿಪೇರಿಯವರು: ಮಹಾಜನ ವರದಿಗೂ ಚಾರ್ಜಿಂಗ್ ಪಿನ್ನಿಗೂ ಸಂಬಂಧ ಇಲ್ಲ. ನೀವಿಬ್ಬರೂ ಬೇರೆ ಕಡೆ ಹೋಗಿ ಮಾತಾಡಿ.

ಉಕ್ಕಿನಡ್ಕ: (ಫಾರ್ವರ್ಡ್) ಉಬ್ಬಿದ ಬ್ಯಾಟರಿಯನ್ನು ಒಂದು ರಾತ್ರಿ ಫ್ರೀಜರಿನಲ್ಲಿ ಇಟ್ಟರೆ ಸಪೂರ ಆಗುತ್ತದೆ. ವಾರಂಟಿ ಮುಗಿದರೆ ಐಎಂಇಐ ಬದಲಾಯಿಸಿದರೆ ಮತ್ತೆ ಒಂದು ವರ್ಷ.

ರಿಪೇರಿಯವರು: ಈ ಒಂದು ಮೆಸೇಜಿನಲ್ಲಿ ಒಂದು ಬೆಂಕಿ, ಒಂದು ಜೈಲು. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಮೀನಿನ ಪಕ್ಕ ಫ್ರೀಜರಿನಲ್ಲಿ ಇಡಬೇಡಿ. ಆಫ್ ಮಾಡಿ ತಂದು ಕೊಡಿ. ಐಎಂಇಐ ತಿದ್ದುವುದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಸಜೆ, 50 ಲಕ್ಷದವರೆಗೆ ದಂಡ ಉಂಟು. ಇದನ್ನು ಫಾರ್ವರ್ಡ್ ಮಾಡಿ, ಆಗ್ತದಾ?

ಉಕ್ಕಿನಡ್ಕ: ಬಂದದ್ದನ್ನು ಕಳಿಸಿದೆ ಅಷ್ಟೆ. ಸಿಟ್ಟು ಯಾಕೆ?

ಅಡ್ಮಿನ್: ಉಕ್ಕಿನಡ್ಕದವರು ಇನ್ನು ಒಂದು ಗಂಟೆ ಸುಮ್ಮನಿರಬೇಕಾಗಿ ವಿನಂತಿ.

ಸೀತಾಂಗೋಳಿ: ಎಲ್ಲದಕ್ಕೂ ‘ಬೇಡ, ಬೇಡ’. ತನ್ನ ಅಂಗಡಿಗೆ ಬರಲಿ ಅಂತ ಹೇಳುವುದು, ನಮಗೆ ಗೊತ್ತಾಗುವುದಿಲ್ವಾ?

ರಿಪೇರಿಯವರು: ಹೌದು. ಭಾನುವಾರ ಅಂಗಡಿ ಮುಚ್ಚಿ ಎರಡು ಗಂಟೆ ಇಲ್ಲಿ ಟೈಪ್ ಮಾಡುವುದು ಅದಕ್ಕೇ.

ಅಡೂರು: ಬಿಲ್ ಪ್ರಕಾರ ವಾರಂಟಿಗೆ ಇನ್ನೂ ಮೂರು ತಿಂಗಳು ಉಂಟು. ಅವರ ಕಂಪ್ಯೂಟರಿನಲ್ಲಿ ಮುಗಿದಿದೆ ಅಂತ ಬರುತ್ತದೆ.

ರಿಪೇರಿಯವರು: ಬಿಲ್ಲಿನಲ್ಲಿ ಐಎಂಇಐ ಇದ್ದರೆ ತೋರಿಸಿ, ತಾರೀಕು ಸರಿಮಾಡಿಸಿ. ಅಂಗಡಿಯವರು ಮೊದಲೇ ಆನ್ ಮಾಡಿಟ್ಟಿದ್ದರೆ ಹೀಗಾಗುತ್ತದೆ.

ಮಂಜೇಶ್ವರ: ಒಮಾನಿನಿಂದ ತಂದದ್ದಾದರೆ?

ರಿಪೇರಿಯವರು: ಒಂದು ಸಲ ಮೇಲೆ ಓದಿ.

ಮುಳ್ಳೇರಿಯದ ಅಕ್ಕ: ಅಣ್ಣ, ಐಎಂಇಐ ಮೂರು ಕಡೆಯೂ ಒಂದೇ. ಆದರೆ 14422ರಿಂದ ಬಂದ ಉತ್ತರದಲ್ಲಿ ಮಾದರಿಯ ಹೆಸರೇ ಬೇರೆ. ಅಂಗಡಿಗೆ ಫೋನ್ ಮಾಡಿದೆ. ‘ಸೆಟ್ ತನ್ನಿ, ಚಾರ್ಜಿಂಗ್ ಪಿನ್ ಫ್ರೀ ಹಾಕಿ ಕೊಡುತ್ತೇನೆ, ಯಾರಿಗೂ ಹೇಳಬೇಡಿ’ ಅಂದರು.

ರಿಪೇರಿಯವರು: ಕೊಡಬೇಡಿ. ಕೊಟ್ಟರೆ ವಾಪಸ್ ಬರುವಾಗ ಬೇರೆ ಬೋರ್ಡ್ ಇರಬಹುದು. ಹೇಳುವುದಿದ್ದರೆ ಪತ್ರದಲ್ಲಿ ಹೇಳಲಿ.

ಮುಳ್ಳೇರಿಯದ ಅಕ್ಕ: ಇನ್ನೊಂದು. ಬಾಕ್ಸಿನ ಹಿಂದಿನ ಸ್ಟಿಕ್ಕರಿನ ಮೂಲೆ ಎದ್ದಿತ್ತು. ಮಗಳು ತೆಂಗಿನೆಣ್ಣೆ ಹಚ್ಚಿ ಮೆಲ್ಲ ಎಬ್ಬಿಸಿದಳು. ಅಡಿಯಲ್ಲಿ ಇನ್ನೊಂದು ಸ್ಟಿಕ್ಕರ್, ಎಲ್ಲ ಚೀನಿ ಅಕ್ಷರ.

ರಿಪೇರಿಯವರು: ನಿಲ್ಲಿಸಿ! ಪೂರ್ತಿ ಕೀಳಬೇಡಿ. ಮೇಲಿನದ್ದು, ಅಡಿಯದ್ದು ಎರಡೂ ಒಂದೇ ಫೋಟೋದಲ್ಲಿ ಕಾಣಬೇಕು.

ಮುಳ್ಳೇರಿಯದ ಅಕ್ಕ: ಅರ್ಧ ಎದ್ದಿದೆ. ಅಲ್ಲಿಗೇ ಬಿಟ್ಟು ಕಪಾಟಿನಲ್ಲಿ ಇಟ್ಟಿದ್ದೇವೆ. ಮಗಳು ಈಗ ನನ್ನನ್ನು ಬೈಯುತ್ತಿದ್ದಾಳೆ, ರೈಲಿನದ್ದಕ್ಕೆ.

ಬದಿಯಡ್ಕ: ನನ್ನ ಸ್ಪೀಕರ್ ವಿಷಯ ಯಾರಾದರೂ ನೋಡಿದಿರಾ?

ರಿಪೇರಿಯವರು: ಅಕ್ಕ, ಮಂಗಳವಾರ ಬೆಳಗ್ಗೆ ಬಾಕ್ಸ್, ಬಿಲ್, ಚಾರ್ಜರ್, ಆ ಅಡಾಪ್ಟರ್ ಎಲ್ಲ ತನ್ನಿ. ಫೋನ್ ಬಿಚ್ಚುವುದಿಲ್ಲ, ನೋಡಿ ಪತ್ರಕ್ಕೆ ಬೇಕಾದ್ದು ಬರೆದು ಕೊಡುತ್ತೇನೆ. ದುಡ್ಡು ಬೇಡ. ಬರುವಾಗ ಮಗಳನ್ನೂ ಕರೆದುಕೊಂಡು ಬನ್ನಿ.