ಸಹಾಯ ಬೇಕು: ಶಾಲಾ ಬಾಂಡ್ ಮತ್ತು ಅಗ್ನಿಶಾಮಕ ತೆರಿಗೆಯ ಲೆಕ್ಕ

ಕ್ಯಾಲಿಫೋರ್ನಿಯಾದ ಕನ್ನಡ ಬಂಧುಗಳಿಗೆ ನಮಸ್ಕಾರ.

ಪೌರತ್ವ ದೊರೆತ ಮೇಲೆ ಮೊದಲ ಬಾರಿ ಮತ ಹಾಕಲಿರುವ ನನಗೆ ಅಂಚೆಯಲ್ಲಿ ಬಂದ ಮತಪತ್ರದಲ್ಲಿ ಎರಡು ಸ್ಥಳೀಯ ಪ್ರಸ್ತಾವಗಳಿವೆ: ಶಾಲಾ ಕಟ್ಟಡಗಳ ದುರಸ್ತಿಗೆ ಬಾಂಡ್ (ಆಸ್ತಿ ತೆರಿಗೆಯ ಮೂಲಕ ತೀರಿಸುವ ಸಾಲ), ಅಗ್ನಿಶಾಮಕ ಮತ್ತು ಆಂಬ್ಯುಲೆನ್ಸ್ ಸೇವೆಗೆ ಪಾರ್ಸೆಲ್ ತೆರಿಗೆ (ಆಸ್ತಿಯ ಬೆಲೆಯನ್ನು ಆಧರಿಸದೆ ಪ್ರತಿ ನಿವೇಶನದ ಮೇಲೆ ಹಾಕುವ ತೆರಿಗೆ). 1978ರಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ಪ್ರಸ್ತಾವ ಆಸ್ತಿ ತೆರಿಗೆಯ ಮೂಲ ದರವನ್ನು ಶೇ. 1ಕ್ಕೆ ಕಟ್ಟಿಹಾಕಿದ್ದರಿಂದ ಹೆಚ್ಚಿನ ಹಣಕ್ಕೆ ಹೀಗೆ ಮತದಾರರ ಬಾಗಿಲಿಗೆ ಬರಬೇಕಾಗಿದೆ ಎಂಬುದೂ, 2000ದ ತಿದ್ದುಪಡಿಯ ನಂತರ ಶಾಲಾ ಬಾಂಡಿಗೆ ಶೇ. 55 ಮತ ಸಾಕಾಗುವಾಗ ಅಗ್ನಿಶಾಮಕ ಜಿಲ್ಲೆಯೇ (ಈ ಸೇವೆ ನಡೆಸುವ ಸ್ಥಳೀಯ ಸಂಸ್ಥೆ) ಮುಂದಿಡುವ ತೆರಿಗೆಗೆ ಮೂರನೇ ಎರಡರಷ್ಟು ಬೇಕು ಎಂಬುದೂ ತಿಳಿದಿದೆ. (ಬಾಂಡಿನ ಹಣದಲ್ಲಿ ಶಿಕ್ಷಕರ ಸಂಬಳ ಕೊಡುವಂತಿಲ್ಲವೆಂದು ಓದಿ ತುಸು ನಿರಾಸೆಯೇ ಆಯಿತು.)

ತಿಳಿಯದಿರುವುದು ಲೆಕ್ಕ. ಬಾಂಡಿನ ದರವನ್ನು ಪ್ರತಿ 1,00,000 ಡಾಲರ್ ಮೌಲ್ಯಕ್ಕೆ ಇಷ್ಟು ಎಂದು ಬರೆದಿದ್ದಾರೆ. ಇದು ಇಂದಿನ ಮಾರುಕಟ್ಟೆ ಬೆಲೆಯೋ, ತೆರಿಗೆ ಬಿಲ್ಲಿನಲ್ಲಿರುವ, ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರದ ಮೌಲ್ಯವೋ? ಎರಡಕ್ಕೂ ನಮ್ಮ ಮನೆಯ ಮಟ್ಟಿಗೆ ಅಜಗಜಾಂತರವಿದೆ. ಜೊತೆಗೆ, ಮನೆ 68 ವರ್ಷದ ನಮ್ಮ ಅತ್ತೆಯವರ ಹೆಸರಿನಲ್ಲಿರುವುದರಿಂದ ಪಾರ್ಸೆಲ್ ತೆರಿಗೆಯಲ್ಲಿ ಹಿರಿಯರ ವಿನಾಯಿತಿ ತಾನಾಗಿಯೇ ಸಿಗುತ್ತದೆಯೇ, ಪ್ರತಿವರ್ಷ ಅರ್ಜಿ ಹಾಕಬೇಕೇ?

ಯಾವುದಕ್ಕೆ ಮತ ಹಾಕಬೇಕೆಂಬ ಸಲಹೆ ಬೇಡ. ಬಿಲ್ಲು ಕಟ್ಟಿ ಅನುಭವವಿರುವವರು ದಯವಿಟ್ಟು ಉತ್ತರಿಸಬೇಕಾಗಿ ಕೋರುತ್ತೇನೆ.